ನೆರಿಗೆ, ಒಂದು

ಮುಖ ಕಂಡರೆ ಅರಿಯೆ;
ಅರಿವೆ ಕಂಡರೆ ಅರಿವೆ.
ಗ್ಲಾಸ್ಗೋ ನಗರ ಪೊಲೀಸ್, ಕೇಂದ್ರ ಠಾಣೆಯ ನೆಲಮಾಳಿಗೆ,
ಎಫೀ ಮಕಾಸ್ಕಿಲ್, ಉಗ್ರಾಣದ ದರ್ಜಿ,
ಇಪ್ಪತ್ತಾರು ಚಳಿಗಾಲ, ಒಂದೇ ಹೊಲಿಗೆಯಂತ್ರ.

ಮೊಣಕೈ ಸವೆದಿದ್ದರೆ ಎ ಡಿವಿಷನ್,
ಮೇಜಿಗೊರಗಿ ಬರೆಯುವವರು.
ತೊಡೆಯ ಒಳಬದಿ ಸವೆದಿದ್ದರೆ ಕುದುರೆಪಡೆ.
ಡಾಂಬರು, ಕೊಳೆತ ಹಗ್ಗ ಮೂಗಿಗೆ ಬಡಿದರೆ ನದಿಯವರು,
ಕ್ಲೈಡ್ ಮರಳಿಸಿದ್ದನ್ನು ಕೊಕ್ಕೆ ಹಾಕಿ ಎಳೆಯುವವರು.
ಅವರ ಕೋಟು ಎರಡು ದಿನ ಅಂಗಳದ ಕಂಬಿಯ ಮೇಲಿರಬೇಕು,
ಆಮೇಲೆಯೇ ನಾನು ಮುಟ್ಟುವುದು.
ಪತ್ತೇದಾರರಿಗೆ ಸಮವಸ್ತ್ರವಿಲ್ಲ. ಆದರೂ ಬರುತ್ತಾರೆ,
ಸ್ವಂತ ಮಳೆಕೋಟಿನ ಹರಿದ ಅಸ್ತರು ಹಿಡಿದು, ಪುಕ್ಕಟೆ ಹೊಲಿಗೆಗೆ.
ಸಿಗದ ಕಳ್ಳನ ಕಥೆ ಹೇಳುತ್ತಾ
ನನ್ನ ಸೂಜಿಗೆ ದಾರ ಪೋಣಿಸಿಕೊಡುತ್ತಾರೆ.

ಇನ್ನು ಮೇಲಿನವರು.
ಕಾನ್‌ಸ್ಟೇಬಲ್‌ಗೆ ಬರೀ ನಂಬರು,
ಸಾರ್ಜೆಂಟಿಗೆ ತೋಳಲ್ಲಿ ಮೂರು ಪಟ್ಟಿ,
ಇನ್‌ಸ್ಪೆಕ್ಟರಿಗೆ ಹೆಗಲಲ್ಲಿ ಎರಡು ಚುಕ್ಕಿ,
ಸೂಪರಿಂಟೆಂಡೆಂಟಿಗೆ ಕಿರೀಟ.
ಹೆಗಲಿಗೆ ಒಂದು ಏರಿದರೆ ಸೊಂಟಕ್ಕೆ ಎರಡಿಂಚು ಬಿಡಬೇಕು.
ಕೈಪಿಡಿಯಲ್ಲಿಲ್ಲ, ನನ್ನ ಕೈಯಲ್ಲಿದೆ.
ಕಿರೀಟದವರು ಅಳತೆ ಕೊಡುವಾಗ ಉಸಿರು ಬಿಗಿಹಿಡಿಯುತ್ತಾರೆ.
ಬಿಡುವ ತನಕ ಕಾಯುತ್ತೇನೆ.

ಪಕ್ಕದ ಕಿಂಡಿಯಲ್ಲಿ ಕೊಡುವುದಿಷ್ಟು:
ಸೀಟಿ, ಅದಕ್ಕೊಂದು ಸರಪಳಿ, ಕೈಕೋಳ,
ಬೀದಿಯ ನೀಲಿ ಫೋನುಗೂಡಿನ ಬೀಗದಕೈ,
ಸೇತುವೆಯ ಕೆಳಗೆ ಹೋದರೆ ಮೂಕಾಗುವ ರೇಡಿಯೊ,
ಚದುರಂಗದ ಮನೆಗಳಂತೆ ಕಪ್ಪು ಬಿಳುಪು ಪಟ್ಟಿಯ ಟೊಪ್ಪಿ,
ಮರದ ಲಾಠಿ.
ಲಾಠಿಗೆಂದು ಪ್ಯಾಂಟಿನ ಬಲತೊಡೆಗುಂಟ
ಹದಿನಾರು ಇಂಚಿನ ಗುಟ್ಟಿನ ಜೇಬು.
ಅದನ್ನು ಹೊಲಿಯುತ್ತಲೇ ನನ್ನ ಮುಕ್ಕಾಲು ಆಯುಷ್ಯ ಕಳೆಯಿತು.

ಹೆಂಗಸರಿಗೆ ಸ್ಕರ್ಟು. ಜೇಬಿಲ್ಲ.
ಒಂದು ಕೈಚೀಲ,
ಅದರೊಳಗೆ ಗೇಣುದ್ದದ ಲಾಠಿ, ಬಾಚಣಿಗೆಯ ಪಕ್ಕ.

ಫೆಬ್ರವರಿಯ ಒಂದು ಬೆಳಗಿನ ಜಾವ ಐಲ್ಸಾ ಗೆಡ್ಡಿಸ್ ಬಂದಳು,
ಸಿ ಡಿವಿಷನ್, ಇಪ್ಪತ್ಮೂರು ವಯಸ್ಸು.
ಸ್ಕರ್ಟಿನ ಅಂಚು ಕಿತ್ತಿತ್ತು, ಮಂಡಿಯೂ.
‘ಚೀಲದ ಬಾಯಿ ತೆಗೆಯುವಷ್ಟರಲ್ಲಿ
ಚೀಲವನ್ನೇ ಕಿತ್ತುಕೊಂಡು ಓಡಿದ,’ ಅಂದಳು.
‘ದೂರು ಕೊಟ್ಟವಳೂ ನಾನೇ, ಬರೆದುಕೊಂಡವಳೂ ನಾನೇ.’
ನಗುತ್ತಿದ್ದಳು. ಚಹಾದ ಲೋಟ
ತಟ್ಟೆಯ ಮೇಲೆ ಗಲಗಲ ಅನ್ನುತ್ತಿತ್ತು.

ಬಾಗಿಲು ಮುಚ್ಚಿದೆ. ಟೇಪು ತೆಗೆದೆ.
ಕಪಾಟಿನ ಹಿಂದೆ, ಲೆಕ್ಕಕ್ಕೆ ಸಿಗದ,
ಗಂಡಸರ ಲಾಠಿಯೊಂದು ಬಿದ್ದಿತ್ತು ಎಷ್ಟೋ ವರ್ಷದಿಂದ.

ಮಾರ್ಚಿಯಲ್ಲಿ ಸುತ್ತೋಲೆ. ಮೇ ಬಂದರೆ ಈ ಪಡೆಯೇ ಇಲ್ಲ,
ಸುತ್ತಣ ಊರುಗಳದ್ದೆಲ್ಲ ಕೂಡಿ ಒಂದೇ ದೊಡ್ಡ ಪಡೆಯಂತೆ.
ನಗರದ ಹಕ್ಕಿ, ಮರ, ಗಂಟೆ, ಮೀನು ಇರುವ ಗುಂಡಿಗಳನ್ನೆಲ್ಲ
ಕಿತ್ತು ಹೊಸತು ಹಾಕಬೇಕು. ಉಡುಪೊಂದೊಂದೂ ಎಣಿಕೆಗೆ.
ಉಗ್ರಾಣದ ಸಾರ್ಜೆಂಟ್ ಲಾಕೀ ಪಟ್ಟಿ ಹಿಡಿದು ಬಂದ.
ತಡವುತ್ತಾ ತಡವುತ್ತಾ ಐಲ್ಸಾಳ ಸ್ಕರ್ಟಿನ ಮಡಿಕೆಯೊಂದರಲ್ಲಿ
ಅವನ ಕೈ ಮೊಣಕೈಯವರೆಗೆ ಇಳಿಯಿತು.
‘ಇದೇನು?’
‘ನೆರಿಗೆ.’

ಮೂವತ್ತು ವರ್ಷ ಬೀದಿ ಸುತ್ತಿದವನು.
ಸುಳ್ಳಿನ ಕಾಲ್ಸಪ್ಪಳ ಮೂರು ಗಲ್ಲಿಯಾಚೆಗೆ ಕೇಳುತ್ತದೆ ಅವನಿಗೆ.
ನನ್ನನ್ನು ನೋಡಿದ. ಸ್ಕರ್ಟನ್ನು ನೋಡಿದ.
ಅವನಿಗೂ ಪಡೆ ಸೇರಿದ ಮಗಳಿದ್ದಾಳೆಂದು
ನನಗೆ ಆಗ ಗೊತ್ತಿರಲಿಲ್ಲ.
ಪೆನ್ಸಿಲಿನ ಮೊನೆ ನಾಲಗೆಗೆ ತಾಗಿಸಿ ಬರೆದ:
ನೆರಿಗೆ, ಒಂದು.

ಗುರುವಾರ ಗುಂಡಿ ಕೀಳುತ್ತಾ ಕೂತಿದ್ದೆ,
ಮಡಿಲ ತುಂಬ ಹಿತ್ತಾಳೆಯ ಮೀನು.
ಬಾಗಿಲಲ್ಲಿ ಬಿ ಡಿವಿಷನ್ನಿನ ಹುಡುಗಿ, ನಾನು ಕಂಡಿರದವಳು,
ಪತ್ರಿಕೆಯಲ್ಲಿ ಸುತ್ತಿದ ಸ್ಕರ್ಟು ಕಂಕುಳಲ್ಲಿ.
ಅವಳ ಬೆನ್ನಿಗೆ ಇನ್ನೊಬ್ಬಳು.
ಮೆಟ್ಟಿಲ ಮೇಲೆ ಮತ್ತೂ ಬೂಟಿನ ಸದ್ದು.
‘ಇಲ್ಲಿ,’ ಅಂದಳು ದನಿ ತಗ್ಗಿಸಿ,
‘ನೆರಿಗೆ ಹಾಕಿಕೊಡುತ್ತೀರಂತೆ.’